ಸೊಸೆಯ ಸಂಬಳ, ಮನೆಯ ಕೆಲಸ

ತಿಪಟೂರಿನಿಂದ ಬರೆದಿರುವ ತಾಯಿಯವರಿಗೆ ನಮಸ್ಕಾರ.

ಬೆಂಗಳೂರಿನಲ್ಲಿರುವ ನಿಮ್ಮ ಮಗ-ಸೊಸೆ ಇಬ್ಬರಿಗೂ ಕೈತುಂಬ ಸಂಬಳ, ಆದರೂ ಮಾತುಕತೆಯೇ ನಿಂತಂತಿದೆ ಎಂದು ಬರೆದಿದ್ದೀರಿ. 'ನಮ್ಮ ಕಾಲದಲ್ಲಿ ವಿಚ್ಛೇದನದ ಸುದ್ದಿಯೇ ಇರಲಿಲ್ಲ. ಹೆಣ್ಣುಮಕ್ಕಳು ದುಡಿಯಲು ಹೊರಟ ಮೇಲೆ ಹೊಂದಿಕೊಳ್ಳುವ ಗುಣ ಹೋಯಿತೇ?' ಎಂಬುದು ನಿಮ್ಮ ಪ್ರಶ್ನೆ. ಒಂದು ಮಗುವಾದರೆ ಎಲ್ಲ ಸರಿಹೋದೀತು ಎಂದೂ ಸೇರಿಸಿದ್ದೀರಿ.

ವಿಚ್ಛೇದನ ಇರಲಿಲ್ಲ ಎಂದಮಾತ್ರಕ್ಕೆ ಸುಖವಿತ್ತು ಎಂದು ನಾನು ಒಪ್ಪಲಾರೆ. ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದೇ 1976ರಲ್ಲಿ. (ಪಂಚಾಯ್ತಿ ಮಾಡಿ ಬಿಡಿಸುವುದು, ಕೂಡಿಕೆ ಎಂಬ ಮರುಮದುವೆ ಇವೆಲ್ಲ ಎಷ್ಟೋ ಸಮುದಾಯಗಳಲ್ಲಿ ಹಿಂದಿನಿಂದಲೂ ಇದ್ದವು. 'ಇರಲೇ ಇಲ್ಲ' ಎನ್ನುವುದು ಕೆಲವೇ ಮನೆಗಳ ಮಾತು.)

ಆಗ ಬೇರೊಂದು ಆಸರೆ ಇತ್ತು, ನಿಜ. ಸೋದರಮಾವನಿಗೆ ಕೊಟ್ಟರೆ ಹುಡುಗಿ ಅಜ್ಜಿಯ ಮನೆಗೇ ಸೊಸೆಯಾಗಿ ಹೋಗುತ್ತಿದ್ದಳು. ಗಂಡ ಕೈಯೆತ್ತಿದರೆ ತಡೆಯಲು ಅಜ್ಜಿ ಇದ್ದಳು. ದೂರು ತವರಿಗೆ ಒಯ್ದರೆ ಅಮ್ಮ-ಮಾವನ ನಡುವೆ ಕೆಡುತ್ತದೆಂದು ನುಂಗಿಕೊಂಡವರೂ ಉಂಟು. ಈಗ ಮ್ಯಾಟ್ರಿಮನಿಯಲ್ಲಿ ಜಾತಕ, ಸಂಬಳ, ಫ್ಲ್ಯಾಟು ನೋಡಿ ಬೀಗರಾದವರಿಗೆ ಒಬ್ಬರಿಗೊಬ್ಬರ ಪರಿಚಯವೇ ಸಾಲದು. ನಡುವೆ ಬಂದು ಇಬ್ಬರನ್ನೂ ಗದರಿಸುವ ಸಲುಗೆ ಯಾರಿಗಿದೆ?

ಆದರೆ ಮುಖ್ಯ ತೊಡಕು ಬೇರೆ ಕಡೆ ಇದೆ ಅನ್ನಿಸುತ್ತದೆ. ಸೊಸೆಯ ಸಂಬಳವನ್ನು ನಾವು ಬಲು ಬೇಗ ಒಪ್ಪಿಕೊಂಡೆವು. ಹೋಮ್ ಲೋನ್ ಕಂತಿಗೆ ಅದು ಬೇಕೇ ಬೇಕು. ಅವಳು ದುಡಿಯಲು ಹೋದಾಗ ಮನೆಯಲ್ಲಿ ಬಿಟ್ಟುಹೋದ ಕೆಲಸ ಯಾರದು ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಅದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಆದರೆ ಆ ಹತ್ತು ನಿಮಿಷ ಗಂಡಸರ ಕೈಗೆ ಹೋಗಲಿಲ್ಲ, ಅವರದೂ ಇಳಿಯಿತು! ಇದೂ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ, ಹಾಕದವರೇ ಹೆಚ್ಚು.

ನಿಮ್ಮ ಪತ್ರದಲ್ಲೇ ಒಂದು ಸಾಲಿದೆ: 'ದಿನಾ ರಾತ್ರಿ ಸೊಸೆಗೆ ಫೋನ್ ಮಾಡಿ, ಅವನು ಊಟ ಮಾಡಿದ್ನಾ ಅಂತ ವಿಚಾರಿಸುತ್ತೇನೆ.' ಪ್ರೀತಿಯಿಂದಲೇ ಕೇಳುತ್ತೀರಿ, ಸಂಶಯವಿಲ್ಲ. ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ನಿಂತು ನಿಂತು ಎಂಟಕ್ಕೆ ಮನೆ ಸೇರಿ, ಬ್ಯಾಗು ಸೋಫಾದ ಮೇಲೆಸೆದು ಕುಕ್ಕರ್ ಇಟ್ಟವಳಿಗೆ ಆ ಪ್ರಶ್ನೆ ಹೇಗೆ ಕೇಳಿಸುತ್ತದೆ? ಅವಳದು ಊಟವಾಯಿತೇ ಎಂದು ಮಗನನ್ನು ಯಾವಾಗಲಾದರೂ ಕೇಳಿದ್ದೀರಾ?

ಮಗನದೂ ಸುಲಭದ ಪಾಡಲ್ಲ. ಅಪ್ಪ ತಟ್ಟೆ ತೊಳೆದದ್ದನ್ನೇ ನೋಡದೆ ಬೆಳೆದವನು. ತೊಳೆದರೆ ನೀವು ನೊಂದುಕೊಳ್ಳುತ್ತೀರಿ, ತೊಳೆಯದಿದ್ದರೆ ಅವಳು. ಅದಕ್ಕೇ ಇಬ್ಬರಿಗೂ ಸಿಗದಂತೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ.

ಹೊಂದಿಕೊಳ್ಳುವ ಗುಣದ ಬಗ್ಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಜಾರಿಯಾದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಆಮೇಲೂ ಅಣ್ಣತಮ್ಮಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ದುಡ್ಡು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ತವರಿನಲ್ಲಿ ಪಾಲಿಲ್ಲದೆ, ಕೈಯಲ್ಲಿ ಸಂಬಳವಿಲ್ಲದೆ ಗಂಡನ ಮನೆಯಲ್ಲೇ ಉಳಿದವಳನ್ನು ಹೊಂದಿಕೊಂಡಳು ಎಂದು ಹೊಗಳಿದ್ದೇವೆ. ನಿಮ್ಮ ಸೊಸೆಗೆ ಹೊರಟುಹೋಗುವ ಶಕ್ತಿ ಇದೆ, ಆದರೂ ಇನ್ನೂ ಅಲ್ಲೇ ಇದ್ದಾಳೆ. ಅದನ್ನು ನಾನಾಗಿದ್ದರೆ ಒಳ್ಳೆಯ ಲಕ್ಷಣವೆಂದೇ ಎಣಿಸುತ್ತಿದ್ದೆ.

ಇನ್ನು ಮಗುವಿನ ಮಾತು. ಮಗು ಬಂದರೆ ಆ 289 ನಿಮಿಷದ ಜೊತೆಗೆ ರಾತ್ರಿಯ ನಿದ್ದೆಯೂ ಹೋಗುತ್ತದೆ, ಮತ್ತು ಅದು ಯಾರ ನಿದ್ದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ಸಲಹೆಯನ್ನು ದಯವಿಟ್ಟು ಅವರ ಮುಂದಿಡಬೇಡಿ. ಮುಂದಿನ ಸಲ ಹೋದಾಗ ಅಡುಗೆಮನೆಗೆ ಮಗನನ್ನು ಕರೆದು, ನಿಮ್ಮ ಕೈಯಾರೆ ಹುಳಿ ಮಾಡುವುದನ್ನು ಕಲಿಸಿ.

— ಸಂ.