ಬೆಳಕಿನ ಟೊಪ್ಪಿಯಿಂದ ಮಿದುಳು ಚೇತರಿಸಿಕೊಳ್ಳುತ್ತದೆಯೇ?

ಪ್ರಶ್ನೆ: ಮಲ್ಪೆಯಲ್ಲಿ ಮೀನುಗಾರಿಕೆ ಮಾಡುತ್ತಿದ್ದ ನನ್ನ ತಂದೆಗೆ 64 ವರ್ಷ. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದೆ. ತಲೆಗೆ ಬೆಳಕು ಹಾಯಿಸುವ ಟೊಪ್ಪಿಯೊಂದು ಮಿದುಳಿನ ಗ್ಲಿಯಾ ಕೋಶಗಳನ್ನು ಚುರುಕುಗೊಳಿಸುತ್ತದೆ, ಇದು ಪ್ರಯೋಗಗಳಲ್ಲೇ ಸಾಬೀತಾಗಿದೆ ಎಂದು ಮಾರುವವರು ಹೇಳುತ್ತಿದ್ದಾರೆ. ಬೆಲೆ 60 ಸಾವಿರ ರೂಪಾಯಿ. ಕೊಳ್ಳಬಹುದೇ?
– ಓದುಗರು, ಮಲ್ಪೆ

ಉತ್ತರ: ಕೊಳ್ಳಬೇಡಿ. ಪ್ರಯೋಗಗಳು ನಡೆದದ್ದು ನಿಜ. ಆದರೆ ಅವುಗಳಿಗೂ ಆ ಟೊಪ್ಪಿಗೂ ಸಂಬಂಧವಿಲ್ಲ.

ಮಿದುಳಿನಲ್ಲಿ ನರಕೋಶಗಳ ಜೊತೆಗೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಇತರ ಕೋಶಗಳಿವೆ. ಅವುಗಳಲ್ಲಿ ಬಹುಪಾಲು ಗ್ಲಿಯಾ. ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳು ಎಷ್ಟು ಪ್ರಭಾವಶಾಲಿ ಎಂಬುದನ್ನು 2010ರ ಪ್ರಯೋಗವೊಂದು ತೋರಿಸಿತು: ಇಲಿಗಳ ಮಿದುಳುಕಾಂಡದಲ್ಲಿ ಅವುಗಳನ್ನು ಬೆಳಕಿನಿಂದ ಪ್ರಚೋದಿಸಿದಾಗ ಎಟಿಪಿ ಎಂಬ ರಾಸಾಯನಿಕ ಹೊರಬಂದು ಉಸಿರಾಟವೇ ಜೋರಾಯಿತು.

ನಿಮ್ಮ ತಂದೆಯವರ ಕಾಯಿಲೆಗೆ ಹತ್ತಿರವಾದದ್ದು ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗ. ರಕ್ತದ ಹರಿವು ಕಡಿದಾಗ ಗ್ಲಿಯಾದೊಳಗೆ ಆಮ್ಲೀಯತೆ ಏರುತ್ತದೆ. ಆಗ ಅವು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೊರಬಿಡುತ್ತವೆ. ಅದು ಮಿತಿಮೀರಿದರೆ ನರಕೋಶಗಳು ಸಾಯುತ್ತವೆ. ಬೆಳಕು ಬಿದ್ದಾಗ, ಆಮ್ಲೀಯತೆಗೆ ಕಾರಣವಾದ ಪ್ರೋಟಾನ್‌ಗಳನ್ನು ಹೊರದೂಡುವ ಪ್ರೋಟೀನೊಂದು ಗ್ಲಿಯಾದಲ್ಲಿದ್ದ ಇಲಿಗಳಲ್ಲಿ, ಬೆಳಕು ಹಾಯಿಸಿದಾಗ ಹಾನಿ ತಗ್ಗಿತು. ಬಹಳ ಸೊಗಸಾದ ಕೆಲಸವಿದು.

ಆದರೆ ಗುಟ್ಟಿರುವುದು ಆ ಪ್ರೋಟೀನಿನಲ್ಲಿ. ಅದು ನಮ್ಮ ಗ್ಲಿಯಾದಲ್ಲಿ ಇಲ್ಲ. ಅದನ್ನು ತಯಾರಿಸುವ ಸೂಕ್ಷ್ಮಜೀವಿಗಳ ಜೀನನ್ನು ವೈರಸ್ ಮೂಲಕ ಕೋಶಕ್ಕೆ ಸೇರಿಸಬೇಕು, ಇಲ್ಲವೇ ಹುಟ್ಟಿನಿಂದಲೇ ಆ ಜೀನ್ ಇರುವ ಇಲಿಗಳನ್ನು ಬೆಳೆಸಬೇಕು. ಜೊತೆಗೆ, ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ನೀಲಿ ಬೆಳಕು ಮಿದುಳಿನ ಅಂಗಾಂಶದಲ್ಲಿ ಒಂದೆರಡು ಮಿಲಿಮೀಟರ್ ಸಾಗುವುದರೊಳಗೆ ಬಹುಮಟ್ಟಿಗೆ ಕ್ಷೀಣಿಸುತ್ತದೆ. ಅದಕ್ಕಾಗಿಯೇ ಆಪ್ಟಿಕಲ್ ಫೈಬರನ್ನು ಮಿದುಳಿನೊಳಕ್ಕೇ ಇಳಿಸುತ್ತಾರೆ. ಮನುಷ್ಯರಲ್ಲಿ ಈ ವಿಧಾನದಿಂದ ಅಂಧರೊಬ್ಬರಿಗೆ ದೃಷ್ಟಿ ಭಾಗಶಃ ಮರಳಿದ ವರದಿ 2021ರಲ್ಲಿ ಬಂತು. ಅಲ್ಲಿಯೂ ಮೊದಲು ಕಣ್ಣಿಗೆ ಜೀನ್ ಸೇರಿಸಿದ್ದರು.

ಇಂತಹ ಟೊಪ್ಪಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಂಪು ಅಥವಾ ಇನ್‌ಫ್ರಾರೆಡ್ ಬೆಳಕು. ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ನಿಜ. ಪಾರ್ಶ್ವವಾಯು ಆದ 24 ಗಂಟೆಯೊಳಗೆ ಇನ್‌ಫ್ರಾರೆಡ್ ಲೇಸರ್ ಹಾಯಿಸಿ ರೋಗಿಗಳಲ್ಲಿ ಪರೀಕ್ಷಿಸಿಯೂ ಆಗಿದೆ. ‘ನೆಸ್ಟ್’ ಎಂಬ ಆ ಸರಣಿಯ ಮೂರನೆಯ ಪರೀಕ್ಷೆಯನ್ನು ಪ್ರಯೋಜನ ಕಾಣುವ ಲಕ್ಷಣವಿಲ್ಲವೆಂದು ನಡುವೆಯೇ ನಿಲ್ಲಿಸಲಾಯಿತು. ಹೀಗಿರುವಾಗ, ಏಳು ತಿಂಗಳ ಬಳಿಕ ಕೈ ಮರಳುತ್ತದೆ ಎನ್ನುವವರನ್ನು ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ ಕೇಳಿ. ಇಲಿಗಳ ಪ್ರಯೋಗವನ್ನು ಮುಂದಿಟ್ಟು ಕಂಗಾಲಾದ ಮನೆಯವರಿಂದ ಹಣ ಕೀಳುವುದು ನನಗೆ ಸಹಿಸಲಾಗದ ಸಂಗತಿ.

ಆ ಹಣ ತಂದೆಯವರ ವ್ಯಾಯಾಮಕ್ಕೆ ಖರ್ಚಾಗಲಿ. ಏಳು ತಿಂಗಳಾಯಿತೆಂದು ಕೈಬಿಡಬೇಡಿ; ಅಭ್ಯಾಸದಿಂದ ಇನ್ನೂ ಸುಧಾರಣೆ ಸಾಧ್ಯ. ಮಣಿಪಾಲದಲ್ಲಿ ಫಿಸಿಯೋಥೆರಪಿಯ ಜೊತೆಗೆ ಆಕ್ಯುಪೇಷನಲ್ ಥೆರಪಿ ತಜ್ಞರೂ ಸಿಗುತ್ತಾರೆ. ಗುಂಡಿ ಹಾಕುವುದು, ತುತ್ತು ಎತ್ತುವುದು, ಬಲೆಯ ಗಂಟು ಹಾಕುವುದು, ಹೀಗೆ ಅವರ ಕೈಗೆ ಬೇಕಾದ ಕೆಲಸಗಳನ್ನೇ ಅಭ್ಯಾಸಕ್ಕೆ ಇಡುವಂತೆ ಕೇಳಿ. ರಕ್ತದೊತ್ತಡದ ಮಾತ್ರೆ ಇದ್ದರೆ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.