ಶಸ್ತ್ರಚಿಕಿತ್ಸೆಯಾದ ರೋಗಿಯ ನೋವನ್ನು ನಿಭಾಯಿಸುವಲ್ಲಿ ದಾದಿಯರ ಪಾತ್ರವೇನು?

ನೋವಿನ ಔಷಧಿ ಬರೆದುಕೊಡುವವರು ವೈದ್ಯರಾದರೂ, ಅದರಿಂದ ರೋಗಿಗೆ ಎಷ್ಟು ಆರಾಮವಾಯಿತೆಂದು ಹಗಲಿರುಳು ಗಮನಿಸುವವರು ದಾದಿಯರೇ. 0ಯಿಂದ 10ರವರೆಗಿನ ಅಳತೆಯಲ್ಲಿ ನೋವೆಷ್ಟೆಂದು ಕೇಳುವಾಗ, ಸುಮ್ಮನೆ ಮಲಗಿದ್ದಾಗಿನದಷ್ಟೇ ಅಲ್ಲದೆ ಕೆಮ್ಮುವಾಗ, ಮಗ್ಗುಲು ಬದಲಿಸುವಾಗ ಆಗುವುದನ್ನೂ ಕೇಳಬೇಕು. ಏಕೆಂದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದಿದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ಸೋಂಕಾಗುವ ಅಪಾಯವಿದೆ. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಲು ಕಲಿಸುವುದು ಇದಕ್ಕಾಗಿಯೇ. ‘ಪರವಾಗಿಲ್ಲ ಸಿಸ್ಟರ್’ ಎನ್ನುತ್ತಲೇ ಮಂಚದ ಅಂಚನ್ನು ಬಿಗಿಹಿಡಿದಿರುವ ಅಜ್ಜಿಯ ಕೈಯನ್ನು ಗಮನಿಸುವುದು, ನನ್ನ ದೃಷ್ಟಿಯಲ್ಲಿ, ಯಾವ ಅಳತೆಗಿಂತಲೂ ಮುಖ್ಯ. ಉಸಿರಾಟವನ್ನು ನಿಧಾನಗೊಳಿಸಬಲ್ಲ ಪ್ರಬಲ ನೋವುನಿವಾರಕವಾದ ಮಾರ್ಫಿನ್ ಕೊಟ್ಟ ಮೇಲೆ ನೋವು ಇಳಿಯಿತೇ ಎಂಬುದರ ಜೊತೆಗೆ ಉಸಿರಾಟದ ವೇಗವನ್ನೂ ಮಂಪರನ್ನೂ ಪರೀಕ್ಷಿಸಬೇಕು. ಕರೆದರೂ ಕಷ್ಟಪಟ್ಟು ಕಣ್ಣು ತೆರೆಯುವವರನ್ನು ನಿದ್ದೆಯಲ್ಲಿದ್ದಾರೆಂದು ಬಿಡದೆ, ಕೂಡಲೇ ವೈದ್ಯರನ್ನು ಕರೆಯಬೇಕು.