ಹೇಳದೆ ಹೋದವರು ಎಲ್ಲಿಗೆ ಹೋದರು?

ಪ್ರಿಯ ಓದುಗರೇ,

ಉದ್ಯೋಗ ಕೇಂದ್ರದಲ್ಲಿರುವ ನೀವು ಬೇಸರದಿಂದ ಬರೆದಿದ್ದೀರಿ: 'ಮೂಲನಿವಾಸಿ ಯುವಕರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುತ್ತೇವೆ. ತಿಂಗಳೊಳಗೆ ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಇವರಿಗೆ ದುಡಿಯುವ ಮನಸ್ಸೇ ಇಲ್ಲವೇ?' ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಆ ಕೊನೆಯ ಮಾತನ್ನು ನಾನು ಒಪ್ಪಲಾರೆ.

ಹೋದವರು ಎಲ್ಲಿಗೆ ಹೋದರು ಅಂತ ವಿಚಾರಿಸಿದ್ದೀರಾ? ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಾವಿನ ಶೋಕಾಚರಣೆಗೆ 'ಸಾರಿ ಬಿಸಿನೆಸ್' ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ದೂರದ ನೆಂಟರಾದರೂ ಅವರು ಹೋಗಲೇಬೇಕಾಗುತ್ತದೆ. ಕೆಲವು ಸಲ ವಾರಗಟ್ಟಲೆ ಅಲ್ಲೇ ಇರಬೇಕು. ರಜೆಯ ನಿಯಮದಲ್ಲಿ ತಂದೆ, ತಾಯಿ, ಹೆಂಡತಿ, ಮಕ್ಕಳು ಇಷ್ಟೇ ಇದ್ದರೆ ಆತ ಏನಂತ ರಜೆ ಕೇಳಬೇಕು? ಸುಮ್ನೆ ಎದ್ದು ಹೋಗುತ್ತಾನೆ. ಹಾಜರಿ ಪುಸ್ತಕದಲ್ಲಿ 'ಗೈರು' ಅಂತ ಬೀಳುತ್ತದೆ.

ಕೆನಡಾದಲ್ಲಿ ಕೇಂದ್ರ ಕಾರ್ಮಿಕ ಕಾನೂನಿಗೆ ಒಳಪಟ್ಟ ಮೂಲನಿವಾಸಿ ನೌಕರರು 2019ರ ಸೆಪ್ಟೆಂಬರ್‌ನಿಂದ ಬೇಟೆ, ಮೀನುಗಾರಿಕೆ, ಕೊಯ್ಲಿನಂಥ ಪಾರಂಪರಿಕ ಕೆಲಸಗಳಿಗೆ ವರ್ಷಕ್ಕೆ 5 ದಿನ ರಜೆ ಪಡೆಯಬಹುದು. ಸಂಬಳವಿಲ್ಲ, ದಿನಗಳೂ ಕಡಿಮೆಯೇ. ಆದರೂ ಕದ್ದುಮುಚ್ಚಿ ಹೋಗುವ ಪಾಡು ತಪ್ಪಿತಲ್ಲ.

ಇನ್ನು ಸಂದರ್ಶನ. 'ನಿಮ್ಮಲ್ಲಿ ಏನು ವಿಶೇಷ ಇದೆ, ಹೇಳಿ' ಅನ್ನುತ್ತೀರಿ. ಹಿರಿಯರ ಮುಂದೆ ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಅಂತ ಕಲಿತು ಬೆಳೆದ ಹುಡುಗ ತಲೆ ತಗ್ಗಿಸುತ್ತಾನೆ. ಅದು ಮರ್ಯಾದೆ. ನಾವು ಬರೆದುಕೊಳ್ಳುವುದು 'ಆತ್ಮವಿಶ್ವಾಸ ಸಾಲದು' ಅಂತ. ಅವನ ದೋಣಿಯ ಎಂಜಿನ್ ಕೆಟ್ಟಾಗ ಯಾರು ಸರಿಮಾಡಿದರು ಅಂತ ಕೇಳಿ ನೋಡಿ, ಮಾತು ತಾನಾಗಿ ಬರುತ್ತದೆ. ಅರ್ಜಿಯ 'ಅನುಭವ' ಕಾಲಮ್ಮೂ ತುಂಬುತ್ತದೆ.

ಆಸ್ಟ್ರೇಲಿಯಾದಲ್ಲಿ 1977ರಲ್ಲಿ ಒಂದು ಯೋಜನೆ ಶುರುವಾಯಿತು. ನಿರುದ್ಯೋಗ ಭತ್ಯೆಯ ಹಣವನ್ನು ಒಟ್ಟುಗೂಡಿಸಿ ಸಮುದಾಯದ ಸಂಸ್ಥೆಗಳಿಗೇ ಕೊಟ್ಟರು. ಊರಿಗೆ ಯಾವ ಕೆಲಸ ಬೇಕು ಅಂತ ಅವರೇ ತೀರ್ಮಾನಿಸಿ, ಕೂಲಿ ಕೊಟ್ಟು ಮಾಡಿಸುತ್ತಿದ್ದರು. ಅದು ನಿಂತುಹೋಗಿ, 2015ರಲ್ಲಿ ಬಂದ ಯೋಜನೆ ವಾರಕ್ಕೆ 25 ಗಂಟೆ ಹಾಜರಾತಿ ಕೇಳಿತು, ತಪ್ಪಿದವರ ಭತ್ಯೆ ಕಡಿತವಾಯಿತು. 2021ರಲ್ಲಿ ಸರ್ಕಾರವೇ ಆ ಕಡ್ಡಾಯವನ್ನು ಕೈಬಿಟ್ಟಿತು. ದಂಡ ಹಾಕಿ ಜನರನ್ನು ಕೆಲಸಕ್ಕೆ ಕಟ್ಟಿಹಾಕಲು ಆಗುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುವುದು ಇಂಥದ್ದರಿಂದಲೇ.

ಮುಂದಿನ ತರಬೇತಿಗೆ ದಿನ ಗೊತ್ತುಮಾಡುವ ಮೊದಲು ಆ ಸಮುದಾಯದ ಹಿರಿಯರ ಜೊತೆ ಕೂತು ಮಾತಾಡಿ. ಯಾವ ತಿಂಗಳು ಬೇಡ ಅಂತ ಅವರೇ ಹೇಳಲಿ. ಹಾಗೆಯೇ, ಕೊನೆಗೆ ಬಿಟ್ಟುಹೋದ ಆ ಹುಡುಗನ ಮನೆಗೂ ಒಮ್ಮೆ ಹೋಗಿಬನ್ನಿ. ಅವನು ಏನು ಹೇಳಿದ ಅಂತ ನಮಗೂ ಬರೆಯಿರಿ.

— ಸಂಪಾದಕ